ಪಕ್ಕದೂರಿನ ರವಿಕೆ

ಸರ್ಕಾರದ ಲೆಕ್ಕದಲ್ಲಿ ಗ್ವಾತೆಮಾಲಾದ ಜನ ಎರಡೇ ಬಗೆ. ಸ್ಪ್ಯಾನಿಶ್ ಮಾತಾಡುವ ಪೇಟೆಯ ಲಾದಿನೋಗಳು ಒಂದು, ಬೆಟ್ಟದ ಮೇಲಿನ ಇಂಡಿಯನ್ನರು ಇನ್ನೊಂದು. ಒಮ್ಮೆ ಸಾತುರ್ನಿನಾಳ ಬಾಗಿಲಿಗೆ ಬಂದ ಜನಗಣತಿಯವನು ಅವಳ ಬರಿಗಾಲು ನೋಡಿ, ಏನನ್ನೂ ಕೇಳದೆ ಇಂಡಿಯನ್ ಎಂದು ಬರೆದುಕೊಂಡು ಹೊರಟುಹೋಗಿದ್ದ. ಕೇಳಿದ್ದರೆ ಅವಳು ಬೇರೆಯೇ ಲೆಕ್ಕ ಒಪ್ಪಿಸುತ್ತಿದ್ದಳು. ಅವಳ ಪ್ರಕಾರ ಲೋಕದಲ್ಲಿ ಇರುವವರು ಪಾಸಿವಾನ್‌ನವರು ಮತ್ತು ಉಳಿದವರು. ಉಳಿದವರಲ್ಲಿ ತೀರಾ ಕಡೆ, ಕಣಿವೆಯಾಚೆಯ ಶೆಚಾಖ್‌ನವರು. ಅವರದೂ ಕಿಚೆ ಭಾಷೆಯೇ, ಆದರೆ ಒಂದು ಮಾತು ಆಡುವಷ್ಟರಲ್ಲಿ ಒಲೆಯ ಮೇಲಿನ ಕಡುಬು ಸೀದುಹೋಗುವಷ್ಟು ಎಳೆಯುತ್ತಾರೆ. ಹೆಂಗಸರು ನೇರಳೆ ರವಿಕೆ ಹಾಕಿ, ಅದರ ಮೇಲೆ ಹಕ್ಕಿಗಳನ್ನು ನೇಯ್ದುಕೊಂಡು ತಾವೇ ಹಾರಿಬಿಡುತ್ತೇವೆ ಎಂಬಂತೆ ಓಡಾಡುತ್ತಾರೆ. ಪಾಸಿವಾನ್‌ನದು ಕೆಂಪು ಪಟ್ಟಿಯ ಗಂಭೀರವಾದ ರವಿಕೆ. ಸಾತುರ್ನಿನಾ ಹುಟ್ಟಿದಾಗಿನಿಂದ ಅದನ್ನೇ ತೊಟ್ಟವಳು, ಅದನ್ನೇ ನೇಯ್ದು ಬದುಕಿದವಳು.

ಗಂಡ ಕರಾವಳಿಯ ಹತ್ತಿ ತೋಟಕ್ಕೆ ಕೂಲಿಗೆ ಹೋಗಿ ಜ್ವರ ಹತ್ತಿಸಿಕೊಂಡು ಬಂದು ಸತ್ತ. ಉಳಿದದ್ದು ಮಗಳು ಇಸಿದ್ರಾ ಒಬ್ಬಳೇ. ಸೊಂಟಕ್ಕೆ ಮಗ್ಗದ ಪಟ್ಟಿ ಬಿಗಿದು ತಾಯಿ ನೇಯುತ್ತಿದ್ದರೆ, ಎದುರಿಗೆ ಕೂತು ಮಗಳು ನೂಲು ಸುತ್ತುತ್ತ ಹರಟುತ್ತಿದ್ದಳು. ಬಾಯಿ ಮುಚ್ಚಿದ್ದೇ ಇಲ್ಲ ಆ ಹುಡುಗಿ.

ಆಮೇಲೆ ಊರು ಸುಡುವ ವರ್ಷ ಬಂತು. ಪಾಸಿವಾನ್‌ನವರು ಕಾಡಿನ ಗೆರಿಲ್ಲಾಗಳಿಗೆ ರೊಟ್ಟಿ ಹಾಕುತ್ತಾರೆ ಎಂದು ಸೈನ್ಯದವರ ತಲೆಗೆ ಯಾರೋ ತುಂಬಿದ್ದರು. ರವಿಕೆ ನೋಡಿ ಊರು ಹೇಳುವ ನಾಡಿನಲ್ಲಿ ಅಡಗುವುದೆಲ್ಲಿ? ಕೆಂಪು ಪಟ್ಟಿ ಕಂಡರೆ ಸಿಪಾಯಿಗಳು ಬಸ್ಸಿನಿಂದ ಇಳಿಸುತ್ತಿದ್ದರು. ಇಳಿದವರು ಮತ್ತೆ ಹತ್ತಲಿಲ್ಲ. ಮಗಳನ್ನು ಕರಾವಳಿಯಲ್ಲಿದ್ದ ತಂಗಿಯ ಮನೆಗೆ ದಾಟಿಸಬೇಕು, ಬಸ್ಸು ಸಿಗುವುದು ಶೆಚಾಖ್‌ನಲ್ಲಿ. ಸಾತುರ್ನಿನಾ ಮೂಗು ಮುರಿಯುತ್ತಿದ್ದ ಆ ನೇರಳೆ ರವಿಕೆಯನ್ನೇ ತನ್ನ ಕೈಯಾರೆ ನೇಯ್ದಳು.

ಹಾಕಿಕೊಂಡು ನೋಡಿದ ಇಸಿದ್ರಾ ನಕ್ಕಳು. "ಅವ್ವಾ, ಹಕ್ಕಿಗಳೆಲ್ಲ ಕೆಳಗೆ ನೋಡ್ತಿವೆಯಲ್ಲೇ! ಶೆಚಾಖ್‌ನೋರ ಹಕ್ಕಿ ಕತ್ತಿನ ಕಡೆ ನೋಡ್ತವೆ. ಅವರು ಕಂಡ್ರೆ ಬಿದ್ದುಬಿದ್ದು ನಗ್ತಾರೆ."

"ನಗೋರು ನಗ್ಲಿ ಬಿಡು. ಸಿಪಾಯಿಗಳಿಗೆ ಹಕ್ಕಿ ಯಾವ್ದು ಕೋಳಿ ಯಾವ್ದು ಅಂತ ಗೊತ್ತಾಗುತ್ತಾ?"

ಮಗಳು ಕಣಿವೆ ಇಳಿದು ಹೋದಳು. ಅದೇ ಬೆಳಿಗ್ಗೆ ಸೈನ್ಯ ಪಾಸಿವಾನ್‌ಗೆ ಬರಲಿಲ್ಲ, ಶೆಚಾಖ್‌ಗೆ ಹೋಯಿತು. ಕಣಿವೆಯಾಚೆ ಹೊಗೆ ಏಳುವುದನ್ನು ಸಾತುರ್ನಿನಾ ಅಂಗಳದಲ್ಲಿ ನಿಂತು ನೋಡಿದಳು. ಬಾಣಲೆಯಿಂದ ಬೆಂಕಿಗೆ ಬೀಳುವುದನ್ನು ಜನ ಕೇಳಿರುತ್ತಾರೆ. ಇವಳು ಮಗಳನ್ನು ತಾನೇ ಎತ್ತಿ ಹಾಕಿದ್ದಳು. ಹಾಗೆಂದು ಯಾರೂ ಅವಳಿಗೆ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಆ ವರ್ಷದ ನಂತರ ದೇವರ ಮನೆಗಳೂ ಹೆಚ್ಚಿದವು. ಹಳೇ ಇಗರ್ಜಿಯವರನ್ನು ಸೈನ್ಯ ನಂಬುವುದಿಲ್ಲ ಎಂದು ಅರ್ಧ ಊರು ಗಿಟಾರು ಬಾರಿಸಿ ಪ್ರಾರ್ಥಿಸುವ ಹೊಸ ಸಭೆಗೆ ಸೇರಿತು. ಸಾತುರ್ನಿನಾ ಮಾತ್ರ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ, ಅಲ್ಲಿಂದ ಗುಡ್ಡದ ಕಲ್ಲಿಗೂ ಧೂಪ ಹಾಕಿ ಬರುತ್ತಿದ್ದಳು. ಇಬ್ಬರು ದೇವರಲ್ಲಿ ಒಬ್ಬನಾದರೂ ಮಗಳ ಮೂಳೆ ತೋರಿಸಲಿ ಎಂಬುದೊಂದೇ ಬೇಡಿಕೆ. ಹೂಳದೆ ಬಿಟ್ಟವರಿಗೆ ಸತ್ತವರ ಹಬ್ಬದ ದಿನ ಎಲ್ಲಿ ಎಡೆ ಇಡುವುದು?

ಯುದ್ಧ ಮುಗಿದು, ಕೊನೆಗೊಂದು ದಿನ ಶೆಚಾಖ್‌ನ ಹೆಣಗಳನ್ನು ಒಟ್ಟಿಗೆ ಮುಚ್ಚಿದ್ದ ಗುಂಡಿ ತೆಗೆಯಲು ರಾಜಧಾನಿಯಿಂದ ಮೂಳೆ ಗುರುತಿಸುವ ವೈದ್ಯರು ಬಂದರು. ತಲೆ ನರೆತ ಸಾತುರ್ನಿನಾ ಕಣಿವೆ ಇಳಿದು ಹತ್ತಿದಳು. ಶಾಲೆಯ ನೆಲದ ಮೇಲೆ ಮೂಳೆಗಳನ್ನು ಜೋಡಿಸಿ, ಪಕ್ಕದಲ್ಲಿ ಅವರವರ ಬಟ್ಟೆಯ ಚಿಂದಿ ಹರಡಿದ್ದರು. ಹೆಂಗಸರು ಸಾಲಿನುದ್ದಕ್ಕೂ ಬಾಗಿಬಾಗಿ ನಡೆಯುತ್ತಿದ್ದರು. ಅವಳಿಗೆ ಹೆಚ್ಚು ನಡೆಯುವುದು ಬೇಕಾಗಲಿಲ್ಲ. ಮಣ್ಣು ಬಣ್ಣಕ್ಕೆ ತಿರುಗಿದ ಆ ರವಿಕೆಯ ಮೇಲೆ ಹಕ್ಕಿಗಳು ಕೆಳಗೆ ನೋಡುತ್ತಿದ್ದವು.

ಆದರೆ ಅದರ ಪಕ್ಕದಲ್ಲಿ ಆಗಲೇ ಒಬ್ಬಳು ಮುದುಕಿ ಕೂತಿದ್ದಳು. ಉರ್ಸುಲಾ, ಶೆಚಾಖ್‌ನವಳು, ಕಣ್ಣಿಗೆ ಪೊರೆ ಬಂದವಳು. ಹೊಸ ಸಭೆಯ ಹಾಡನ್ನು ಗುನುಗುತ್ತ ರವಿಕೆಯನ್ನು ಸವರುತ್ತಿದ್ದಳು.

"ನನ್ನ ಎಸ್ತೆಬಾನಾ ಇವಳು," ಎಂದಳು ಗುಂಡಿ ತೆಗೆದವರಲ್ಲೊಬ್ಬಳಾದ ವೈದ್ಯ ಹುಡುಗಿಗೆ. "ಆಗಿನ್ನೂ ನೇಯೋದು ಕಲೀತಿದ್ಲು. ಹಕ್ಕೀನ ಯಾವಾಗ್ಲೂ ಉಲ್ಟಾ ಹಾಕೋಳು, ನನ್ನ ಕೈಲಿ ಬೈಸ್ಕೊಳೋಳು. ಪೆಟ್ಟಿಗೆ ತರಿಸಮ್ಮ, ಕರ್ಕೊಂಡು ಹೋಗ್ತೀನಿ."

ಸಾತುರ್ನಿನಾಳಿಗೆ ಸುಮ್ಮನಿದ್ದುಬಿಡೋಣವೇ ಎನ್ನಿಸಿತು. ಈ ಮುದುಕಿಯೂ ಹೆತ್ತವಳೇ, ಮಣ್ಣಿಗೆ ಯಾರು ಇಟ್ಟರೂ ಮಣ್ಣೇ. ಮರುಕ್ಷಣವೇ ಕೋಪ ಉಕ್ಕಿತು. ಇಷ್ಟು ವರ್ಷ ಕಾದದ್ದು ಶೆಚಾಖ್‌ನವಳಿಗೆ ಮಗಳನ್ನು ದಾನ ಕೊಡುವುದಕ್ಕಲ್ಲ.

"ಇವಳು ಎಸ್ತೆಬಾನಾ ಅಲ್ಲ," ಎಂದಳು ಗಟ್ಟಿಯಾಗಿ. "ಇವಳು ನನ್ನ ಮಗಳು."

ಉರ್ಸುಲಾ ತಲೆ ಎತ್ತಿದಳು. "ಮಾತು ಕೇಳಿದ್ರೆ ಪಾಸಿವಾನ್‌ನವಳ ಹಾಗಿದೀಯ. ಬದುಕಿದ್ದಾಗ ನಮ್ಮನ್ನ ಕಂಡ್ರೆ ಉಗೀತಿದ್ರಿ, ಈಗ ನಮ್ಮ ಹೆಣಾನೂ ಬೇಕಾ?"

"ಎಡ ಕಂಕುಳ ಹತ್ರ ನೋಡಮ್ಮ," ಎಂದಳು ಸಾತುರ್ನಿನಾ ವೈದ್ಯ ಹುಡುಗಿಗೆ. "ನೇರಳೆ ನೂಲು ಸಾಲ್ದೆ ಬಂತು. ನಮ್ಮೂರ ಕೆಂಪು ನೂಲು ಹಾಕಿ ಮುಗಿಸಿದೀನಿ."

ಹುಡುಗಿ ಬಟ್ಟೆಯನ್ನು ಮೆಲ್ಲಗೆ ಮಗುಚಿ, ಕುಂಚದಿಂದ ಮಣ್ಣು ಸರಿಸಿದಳು. ಕಂಕುಳ ಹೊಲಿಗೆಯಲ್ಲಿ ಎರಡು ಬೆರಳಗಲ ಕೆಂಪು ಕಂಡಿತು. ಉರ್ಸುಲಾ ರವಿಕೆಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿ, ಕೆಳಗಿಟ್ಟು, ಸ್ವಲ್ಪ ಹಿಂದೆ ಸರಿದು ಜಾಗ ಬಿಟ್ಟಳು. ಸಾತುರ್ನಿನಾ ಆ ಜಾಗದಲ್ಲಿ ಕೂತಳು. ಗೆದ್ದ ಹಾಗೇನೂ ಅನ್ನಿಸಲಿಲ್ಲ. ಪಕ್ಕದಲ್ಲಿ ಆ ಮುದುಕಿ ಬರಿಗೈಯಲ್ಲಿ ಕೂತಿದ್ದನ್ನು ನೋಡಲಾಗಲಿಲ್ಲ.

ಉರ್ಸುಲಾ ಅವಳತ್ತ ತಿರುಗಿ ಕೇಳಿದಳು. "ನಿನ್ನ ಮಗಳ ದನಿ ದೊಡ್ಡದಾ ಅಕ್ಕಾ?"

"ಹೂಂ. ಕಣಿವೆಯಾಚೆಗೂ ಕೇಳಿಸೋದು."

"ಹಾಗಾದ್ರೆ ಅದು ಅವಳೇ." ಉರ್ಸುಲಾ ಮುಖ ಒರೆಸಿಕೊಂಡಳು. "ನಾನವತ್ತು ಜೋಳದ ಹೊಲದಲ್ಲಿ ಬಚ್ಚಿಟ್ಕೊಂಡಿದ್ದೆ. ಹುಡುಗೀರನ್ನ ಸಾಲಾಗಿ ನಿಲ್ಸಿದ್ರು. ಒಬ್ಳು ಕೂಗ್ತಾನೇ ಇದ್ಲು, ನಾನು ಈ ಊರವಳಲ್ಲ, ನಾನು ಈ ಊರವಳಲ್ಲ ಅಂತ. ನನ್ನ ಎಸ್ತೆಬಾನಾನೇ ಹೆದರ್ಕೊಂಡು ಸುಳ್ಳು ಹೇಳ್ತಿದಾಳೆ ಅಂದ್ಕೊಂಡೆ. ಹುಟ್ಟಿದ ಊರನ್ನೇ ಅಲ್ಲ ಅಂದ್ಲಲ್ಲ ಅಂತ ಇಷ್ಟು ವರ್ಷ ಸತ್ತವಳ ಮೇಲೆ ಕೋಪ ಇಟ್ಕೊಂಡಿದ್ದೆ, ಪಾಪಿ ನಾನು."

ಸಾತುರ್ನಿನಾ ರವಿಕೆಯ ಅಂಚು ಹಿಡಿದುಕೊಂಡಳು. "ಆಮೇಲೆ?"

"ಒಬ್ಬ ಸಾಹೇಬ ಬಂದ. ಹಾಗಾದ್ರೆ ನಿಂದು ಯಾವೂರು, ಹೇಳು, ಬಿಡ್ತೀನಿ ಅಂದ. ಎರಡೆರಡು ಸಲ ಕೇಳ್ದ. ಅಷ್ಟೊತ್ತು ಕೂಗ್ತಿದ್ದವಳು ಆಗ ಬಾಯೇ ಬಿಡ್ಲಿಲ್ಲ."

"ನಾನೇ ಹೇಳಿ ಕಳಿಸಿದ್ದು," ಎಂದಳು ಸಾತುರ್ನಿನಾ. "ಏನೇ ಆಗ್ಲಿ, ಪಾಸಿವಾನ್ ಅನ್ನೋ ಹೆಸರು ಬಾಯಿಂದ ಬರಬಾರ್ದು ಅಂತ."

ಉರ್ಸುಲಾ ತಡವರಿಸಿ ಅವಳ ಕೈ ಹುಡುಕಿಕೊಂಡಳು.

"ನೀನು ಪುಣ್ಯ ಮಾಡಿದ್ದೀಯ ಅಕ್ಕಾ," ಎಂದಳು. "ತಾಯಿ ಮಾತು ಕೇಳೋ ಮಗಳು."