ಸರ್ವೆ ಅಕ್ಕ

ಕಡಲು ಕೆಡವಿದ ಮನೆಗಳ ಲೆಕ್ಕ ಬರೆಯಲು ಶಿರೂರಿನ ನಮ್ಮ ಕೇರಿಗೆ ಬಂದ ಸರ್ವೆ ಅಕ್ಕನ ಲ್ಯಾಪ್‌ಟಾಪಿನ ಪರದೆಯನ್ನು ಬೇಕೆಂದಾಗ ಕಳಚಿ, ಬೆರಳಲ್ಲೇ ಒತ್ತಿ ಬರೆಯಬಹುದಿತ್ತು. ಕೀಬೋರ್ಡನ್ನು ಚೀಲಕ್ಕೆ ತುರುಕಿ, ಪರದೆಯನ್ನಷ್ಟೇ ಎದೆಗವಚಿಕೊಂಡು ಮರಳಲ್ಲಿ ನಡೆಯುತ್ತಿದ್ದರು. ಪ್ರತಿ ಮನೆಯಲ್ಲೂ ಒಂದೇ ಮಾತು: “ನಾನ್ ಕಂಡದ್ದನ್ನೇ ಬರಿತೆ.”

ನಮ್ಮ ಮನೆಯಲ್ಲಿ ನಿಂತಿದ್ದದ್ದು ಒಂದೇ ಗೋಡೆ. ಆದರೂ ಜೀಪಿನಿಂದ ಇಳಿಯದ ಅಧಿಕಾರಿ, “ಭಾಗಶಃ ಹಾನಿ ಅಂತ ಹಾಕಮ್ಮ, ಸಾಕು” ಎಂದರು. ಹಾಗೆ ಹಾಕಿದರೆ ನಮಗೆ ಹೊಸ ಮನೆ ಸಿಗುತ್ತಿರಲಿಲ್ಲ.

ಅಕ್ಕ ಪರದೆಯನ್ನು ಜೀಪಿನ ಕಿಟಕಿಯೊಳಗೆ ಚಾಚಿದರು. “ಸುಳ್ ಬೇಕಾರೆ ನೀವೇ ಬರಿನಿ ಸರ್. ಅಡಿಗ್ ನಿಮ್ ಹೆಸ್ರೂ ಹಾಕಿ.”

ಆತ ಮುಟ್ಟಲಿಲ್ಲ. ಅಕ್ಕ ಅಲ್ಲೇ ‘ಪೂರ್ಣ ಹಾನಿ’ ಎಂದು ಒತ್ತಿ ಕಳಿಸಿದರು. ಮರುವಾರವೇ ಅವರನ್ನು ಬೇರೆ ತಾಲೂಕಿಗೆ ಎತ್ತಂಗಡಿ ಮಾಡಿದರು.

ನಮಗೆ ಹೊಸ ಮನೆಯಾಯಿತು. ಬೀಗದಕೈ ಕೊಡಲು ಅದೇ ಅಧಿಕಾರಿ ನಗುತ್ತ ಬಂದಾಗ ಅಮ್ಮ ಕೈ ಚಾಚಲಿಲ್ಲ.

“ಅಲ್ ನೆಲದ್ ಮೇಲ್ ಇಡಿ” ಎಂದಳು.