ಬಸ್ಸಿನ ಹಿಂದೆ ಬಂದ ಜೀಪು

ಆಂಡಿಪಟ್ಟಿಯಲ್ಲಿ ಸರ್ಕಾರಿ ಜೀಪು ಓಡಿಸುವ ಮೋಹನ್‌ರಾಜನಿಗೆ ರೂಲ್ಸು ಅಂದರೆ ಕುಲದೇವರಿಗಿಂತ ಒಂದು ಗೇಣು ಮೇಲೆ. ಜೀಪಿನೊಳಗೆ ನೊಣ ಸೇರಿಕೊಂಡರೂ ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ‘ಆಫೀಸರ್ ಸೈನ್ ಇಲ್ದೆ ಕೂರಬಾರದಪ್ಪ’ ಎಂದು ಅದನ್ನು ಇಳಿಸಿಯೇ ಹೊರಡುವವನು. ಓಡೈಪಟ್ಟಿಯ ರೈತರು ಪ್ರೀತಿಯಿಂದ ಸೀಟಿನ ಮೇಲಿಟ್ಟ ದ್ರಾಕ್ಷಿಯನ್ನು ಕೆಳಗಿಳಿದು, ರಸ್ತೆಯಂಚಿನಲ್ಲಿ ನಿಂತು ತಿಂದು ಮುಗಿಸುತ್ತಾನೆ; ಸ್ವಂತ ಸಾಮಾನು ಜೀಪಿನಲ್ಲಿ ಹೋಗಕೂಡದು, ಹೊಟ್ಟೆಯಲ್ಲಿ ಹೋದರೆ ತಪ್ಪಿಲ್ಲ. ಹೆಂಡತಿ ತಿಲಗವತಿ ಬಿಸಿಲಲ್ಲಿ ಬಸ್ಸಿಗೆ ಕಾಯುತ್ತಿದ್ದರೂ ಅವಳ ಮುಂದೆಯೇ ಜೀಪು ಹಾದುಹೋಗುತ್ತದೆ. ‘ಏನ್ ಮಾವ, ಜೀಪು ನಿಮ್ಮಪ್ಪಂದಾ?’ ಎಂದು ಅವಳು ತಿವಿದರೆ, ‘ಅಪ್ಪಂದಾಗಿದ್ರೆ ಹತ್ತಿಸ್ಕೊತಿದ್ನಲ್ಲ ಕಣೇ ಪುಳ್ಳ, ಸರ್ಕಾರದ್ದು’ ಅನ್ನುತ್ತಾನೆ. ಒಂದೇ ಒಂದು ಸಲ ಅದರಲ್ಲಿ ಅವನ ಜೊತೆ ಹೋಗಬೇಕೆಂಬುದು ಇಪ್ಪತ್ತು ವರ್ಷದಿಂದ ಅವಳ ಆಸೆ. ಹೋದ ವರ್ಷ ತೇನಿಯಲ್ಲಿ ಕಣ್ಣಿನ ಆಪರೇಷನ್ ಆಗಿ, ಒಂದು ಕಣ್ಣಿಗೆ ಕಟ್ಟು ಹಾಕಿಸಿಕೊಂಡು, ತಂಗಿಯ ಜೊತೆ ಊರಿಗೆ ಮರಳುವ ಬಸ್ಸಿನ ಕಡೇ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ತಿರುಗಿ ನೋಡಿದರೆ ಹಿಂದೆ ಅದೇ ಜೀಪು. ಅಧಿಕಾರಿಯನ್ನು ತೇನಿಯಲ್ಲಿ ಇಳಿಸಿ ಬರಿಗಾಡಿಯಲ್ಲಿ ಮರಳುತ್ತಿದ್ದ ಮೋಹನ್‌ರಾಜ, ಬಸ್ಸು ನಿಂತಲ್ಲೆಲ್ಲ ನಿಂತು, ಹೊರಟಾಗ ಹೊರಟು, ಆಂಡಿಪಟ್ಟಿಯವರೆಗೂ ಹಸುವಿನ ಹಿಂದೆ ಕರು ಬಂದಂತೆ ಬಂದ. ಕಚೇರಿಯಲ್ಲಿ ಯಾಕಿಷ್ಟು ತಡ ಎಂದಿದ್ದಕ್ಕೆ, ‘ಮುಂದೆ ಬಸ್ಸಿತ್ತು ಸಾರ್, ಓವರ್‌ಟೇಕ್ ಮಾಡ್ಲಿಲ್ಲ’ ಎಂದನಂತೆ. ಅಂದಿನಿಂದ ಬಸ್ಸು ಪೂರಾ ಖಾಲಿಯಿದ್ದರೂ ತಿಲಗವತಿ ಕಡೇ ಸೀಟಿಗೇ ಹೋಗಿ ಕೂರುತ್ತಾಳೆ.