‘ಸ್ಟೇಬಲ್’ ಎಂದು ಬರೆಯುವುದನ್ನು ಬಿಟ್ಟ ದಿನ

ಮೂರು ವರ್ಷದ ಹಿಂದಿನ ಮಾತು. ನಾನಾಗ ಏರ್ ಆಂಬ್ಯುಲೆನ್ಸ್‌ನಲ್ಲಿ ಹಿರಿಯ ನರ್ಸ್. ಇಪ್ಪತ್ತಾರು ವರ್ಷದ ಸರ್ವಿಸ್ ಆಗಿತ್ತು. ರೋಗಿಯ ಮುಖ ನೋಡಿಯೇ ಸ್ಥಿತಿ ಹೇಳಬಲ್ಲೆನೆಂಬ ಜಂಬವೂ ಇತ್ತು. ಫಾರ್ಮ್ ತುಂಬುವುದೆಂದರೆ ಮಾತ್ರ ಮೈಯೆಲ್ಲ ಉರಿ.

ಆ ಮಧ್ಯಾಹ್ನ ಕೊಪ್ಪಳದಿಂದ ಬೆಂಗಳೂರಿಗೆ ಒಯ್ಯಬೇಕಾಗಿದ್ದವರು ವೀರೇಶ, ಗಂಗಾವತಿಯ ಅಕ್ಕಿ ಗಿರಣಿಯೊಂದರ ಮೆಕ್ಯಾನಿಕ್. ಮೇಲಿಂದ ಬಿದ್ದು ಪಕ್ಕೆಲುಬು ಮುರಿದು, ಎಡ ಶ್ವಾಸಕೋಶದ ಸುತ್ತ ಗಾಳಿ ಸೇರಿತ್ತು. ಅದು ಹೊರಹೋಗಲೆಂದು ಎದೆಗೆ ಟ್ಯೂಬ್ ಹಾಕಿ, ಡ್ರೇನೇಜ್ ಬಾಟಲಿಗೆ ಜೋಡಿಸಿದ್ದರು. ಕೊಪ್ಪಳದ ಆಸ್ಪತ್ರೆಯಿಂದ ವಿಮಾನದವರೆಗೆ ಜೊತೆಗೆ ಬಂದವಳು ಬೇವೂರಿನ ಶಿವಲೀಲಾ, ಐಸಿಯು ನರ್ಸ್. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ.

ರೋಗಿಯನ್ನು ವಿಮಾನದ ಸ್ಟ್ರೆಚರಿಗೆ ಬದಲಿಸಿ ಬೆಲ್ಟ್ ಬಿಗಿದೆ. ಮಾನಿಟರಿನಲ್ಲಿ ಆಕ್ಸಿಜನ್ 95, ಚಿಂತೆಯಿಲ್ಲ ಎನಿಸಿತು. ರೋಗಿಯನ್ನು ಒಪ್ಪಿಸಿಕೊಳ್ಳುವ ಹ್ಯಾಂಡೋವರ್ ಫಾರ್ಮಿನಲ್ಲಿ ‘ಸ್ಟೇಬಲ್’ ಎಂದು ಗೀಚಿ ಸಹಿಗೆ ಕೊಟ್ಟೆ.

ಶಿವಲೀಲಾ ಸಹಿ ಮಾಡಲಿಲ್ಲ. “ಅಕ್ಕಾರ, ಸ್ಟೇಬಲ್ ಅಂತ ನಮ್ಮ ಪಟ್ಟಿಯೊಳಗ ಇಲ್ರಿ. ಉಸಿರಾಟಕ್ಕ ಎಷ್ಟು ಅಂಕ ಅಂತ ಬರೀರಿ.”

ಅವಳು ಹೇಳಿದ್ದು ಆಗಷ್ಟೇ ಜಾರಿಗೆ ಬಂದಿದ್ದ ಸ್ಟ್ಯಾಂಡರ್ಡ್ ನರ್ಸಿಂಗ್ ಟರ್ಮಿನಾಲಜಿಯ ಪಟ್ಟಿ. ರೋಗಿಯ ತೊಂದರೆ, ಕೊಟ್ಟ ಆರೈಕೆ, ಅದರ ಫಲ, ಇವನ್ನೆಲ್ಲ ಎಲ್ಲ ನರ್ಸ್‌ಗಳೂ ಗೊತ್ತುಪಡಿಸಿದ ಪದಗಳಲ್ಲೇ ಬರೆಯಬೇಕು. ಫಲಕ್ಕೆ ಒಂದರಿಂದ ಐದರವರೆಗೆ ಅಂಕ; ಐದೆಂದರೆ ಸಹಜ ಸ್ಥಿತಿ.

ನಾನು ಕುಷ್ಟಗಿಯವಳು, ಸಿಟ್ಟು ಬಂದರೆ ಊರಿನ ಮಾತೇ ಬರುತ್ತದೆ. “ವಿಮಾನ ನಿಂತೈತಿ, ನಿನಗ ಅಂಕದ ಚಿಂತಿ ಏನವ್ವಾ?”

“ಬೈರಿ ಅಕ್ಕಾರ, ಆದ್ರ ನೋಡಿ ಬರೀರಿ. ಆಸ್ಪತ್ರಿ ಬಿಡೂಮುಂದ ನಾಲ್ಕು ಇತ್ರಿ.”

ಅಂಕ ಕೊಡಬೇಕೆಂದರೆ ಎದೆ ಎರಡೂ ಬದಿ ಸಮನಾಗಿ ಏಳುತ್ತಿದೆಯೇ ನೋಡಲೇಬೇಕು. ಗೊಣಗುತ್ತ ಹೊದಿಕೆ ಸರಿಸಿದೆ. ಎಡ ಬದಿ ಏಳುತ್ತಲೇ ಇರಲಿಲ್ಲ. ನಾನೇ ಬಿಗಿದ ಬೆಲ್ಟಿನ ಕೆಳಗೆ ಟ್ಯೂಬ್ ಮಡಚಿಕೊಂಡಿತ್ತು! ಬಿಡಿಸಿದ ಕೂಡಲೇ ಸಿಕ್ಕಿಕೊಂಡಿದ್ದ ಗಾಳಿ ಹೊರಬಂದು ಬಾಟಲಿಯಲ್ಲಿ ಗುಳ್ಳೆಗಳು ಎದ್ದವು. ವಿಮಾನ ಮೇಲೇರಿದಂತೆ ಎದೆಯೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. ಎಂಜಿನ್ ಸದ್ದಿನಲ್ಲಿ ಸ್ಟೆತಸ್ಕೋಪೂ ಕೆಲಸಕ್ಕೆ ಬಾರದು. ಹಾಗೇ ಹಾರಿದ್ದರೆ ವೀರೇಶ ಬೆಂಗಳೂರು ಮುಟ್ಟುವುದು ಕಷ್ಟವಿತ್ತು.

ಹತ್ತು ನಿಮಿಷ ಕಾದು, ಎಡ ಬದಿಯೂ ಏಳುವುದನ್ನು ನೋಡಿ ‘ನಾಲ್ಕು’ ಎಂದು ಬರೆದೆ. ಶಿವಲೀಲಾ ತಾನೂ ಎದೆ ನೋಡಿಯೇ ಸಹಿ ಹಾಕಿದಳು. ನನ್ನ ಹಿರಿತನವನ್ನು ನಂಬಿ ಹಾಕಲಿಲ್ಲ. ಅದಕ್ಕೇ ಅವಳೆಂದರೆ ನನಗೆ ಇವತ್ತಿಗೂ ಅಷ್ಟು ಅಭಿಮಾನ. ಅನುಭವವಿದ್ದವರು ನೋಡದೆಯೇ ತಿಳಿದೆವೆಂದುಕೊಳ್ಳುತ್ತೇವೆ. ಆ ಪಟ್ಟಿ ನಮ್ಮನ್ನು ನೋಡುವಂತೆ ಮಾಡುತ್ತದೆ. ವೃತ್ತಿ ನನಗೆ ತಡವಾಗಿ ಕಲಿಸಿದ ಪಾಠ ಇದು.

ಕೆಲವು ದಿನಗಳ ನಂತರ ನೋಡಲು ಹೋದಾಗ ಬೆಂಗಳೂರಿನ ವಾರ್ಡಿನಲ್ಲಿ ವೀರೇಶ ಎದ್ದು ಕುಳಿತಿದ್ದರು. ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದು, “ನೀವ ಉಳಿಸಿದ್ರಿ” ಎಂದರು. ಸುಮ್ಮನಿರಬಹುದಿತ್ತು. ಆಗಲಿಲ್ಲ.

“ನನ್ನ ಕೈಯಿಂದನ ತಪ್ಪಾಗಿತ್ತವ್ವಾ,” ಎಂದೆ. “ಉಳಿಸಿದಾಕಿ ಶಿವಲೀಲಾ.”